ಅಕೌಂಟ್ಸ್ ಬಿಟ್ಟು ನರ್ಸಿಂಗ್‌ಗೆ: ಐಸಿಯು ಅರ್ಜಿಗೆ ಉತ್ತರವೇ ಬರದಿದ್ದರೆ

ಎಂಟು ವರ್ಷ ಅಕೌಂಟ್ಸ್ ಮಾಡಿ ನರ್ಸಿಂಗ್‌ಗೆ ಬಂದಿದ್ದೀರಿ, ಐಸಿಯು ಕೆಲಸಕ್ಕೆ ಹಾಕಿದ ಅರ್ಜಿಗೆ ಉತ್ತರವೇ ಇಲ್ಲ, ವಯಸ್ಸೇ ಅಡ್ಡಿಯೇನೋ ಅನ್ನಿಸುತ್ತಿದೆಯೇ? ತೊಡಕು ಬಹುಶಃ ನಿಮ್ಮ ವಯಸ್ಸಲ್ಲ, ರೆಸ್ಯೂಮೆ. ಎಂಟು ವರ್ಷದ ಅಕೌಂಟ್ಸ್ ಕೆಲಸವೇ ಮೇಲಿನ ಅರ್ಧ ಪುಟ ತುಂಬಿದ್ದರೆ, ಓದುವವರಿಗೆ ನರ್ಸ್ ಕಾಣುವುದೇ ಇಲ್ಲ.

ಮೊದಲು ನರ್ಸಿಂಗ್ ಕೌನ್ಸಿಲ್ ನೋಂದಣಿ, ಬಿಎಲ್‌ಎಸ್ (ತುರ್ತು ಜೀವರಕ್ಷಣೆ ತರಬೇತಿ) ಸರ್ಟಿಫಿಕೇಟು, ಕ್ಲಿನಿಕಲ್ ಪೋಸ್ಟಿಂಗ್ (ಓದುವಾಗ ಆಸ್ಪತ್ರೆ ವಾರ್ಡಿನಲ್ಲಿ ಮಾಡಿದ ಕೆಲಸ) ಮೂರನ್ನೂ ಮೇಲಕ್ಕೆ ತನ್ನಿ. ಸುಮ್ನೆ ‘ಮೆಡಿಕಲ್ ವಾರ್ಡ್’ ಅಂತ ಬರೆದರೆ ಸಾಲದು. ಎಷ್ಟು ಗಂಟೆ, ಪಾಳಿಗೆ ಎಷ್ಟು ರೋಗಿಗಳು, ನೀವೇ ಏನೇನು ಮಾಡಿದಿರಿ (ಐವಿ ಹಾಕಿದ್ದು, ಡ್ರೆಸ್ಸಿಂಗ್, ಪಾಳಿ ಮುಗಿದಾಗ ಹ್ಯಾಂಡೋವರ್ ಕೊಟ್ಟಿದ್ದು, ಅಂದರೆ ಮುಂದಿನ ಪಾಳಿಯವರಿಗೆ ರೋಗಿಗಳ ಸ್ಥಿತಿ ತಿಳಿಸಿ ಒಪ್ಪಿಸಿದ್ದು) ಅಂತ ಬರೆಯಿರಿ. ಹೊಸಬರ ಅರ್ಜಿಯಲ್ಲಿ ನಾನು ಮೊದಲು ಹುಡುಕುವುದೇ ಇದನ್ನು. ಅಕೌಂಟ್ಸ್‌ಗೆ ಎರಡು ಸಾಲು ಸಾಕು. ಡೋಸ್ ಲೆಕ್ಕ ಹಾಕಲು ಕೈ ಅಳುಕುವುದಿಲ್ಲ, ದಾಖಲೆ ಬರೆಯುವುದು ರೂಢಿ, ಅಷ್ಟು ಹೇಳಿ.

ಆಮೇಲೆ ಐಸಿಯು ಹಠ ಸ್ವಲ್ಪ ಸಡಿಲಿಸಿ. ಹೊಸಬರನ್ನು ನೇರವಾಗಿ ಅಲ್ಲಿಗೆ ತೆಗೆದುಕೊಳ್ಳುವವರೂ ಇದ್ದಾರೆ, ಆದರೆ ಕಡಿಮೆ. ಜನರಲ್ ವಾರ್ಡ್, ಸರ್ಜಿಕಲ್ ವಾರ್ಡ್‌ಗೂ ಅರ್ಜಿ ಹಾಕಿ. ಸಂದರ್ಶನದಲ್ಲಿ ‘ಹೊಸಬರ ಜೊತೆ ಎಷ್ಟು ವಾರ ಹಿರಿಯ ನರ್ಸ್ ಇರುತ್ತಾರೆ?’ ಅಂತ ಕೇಳಿ. ಉತ್ತರ ತಡವರಿಸಿದರೆ, ಸಂಬಳ ಜಾಸ್ತಿ ಅಂತ ಒಪ್ಪಬೇಡಿ.

ಪೋಸ್ಟಿಂಗ್ ಮಾಡಿದ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್‌ಗೆ ಈ ವಾರವೇ ಫೋನ್ ಮಾಡಿ. ಯಾರು ಕೆಲಸ ಬಿಡುತ್ತಿದ್ದಾರೆ ಅನ್ನೋದು ಜಾಹೀರಾತಿಗಿಂತ ಮೊದಲು ಅವರಿಗೆ ಗೊತ್ತಿರುತ್ತದೆ.