ಡಿಜೆ ಸಲಕರಣೆಗೆ ಸ್ವಂತ ಕೇಸ್: ಮೊದಲು ಫೋಮ್, ಆಮೇಲೆ ಪ್ಲೈವುಡ್

ಪ್ರಶ್ನೆ: ನನ್ನ ಹತ್ತಿರ ಎರಡು ಸಿಡಿಜೆ-3000 ಪ್ಲೇಯರ್ ಮತ್ತು 8 ಕೆಜಿ ತೂಕದ ಒಂದು ಮಿಕ್ಸರ್ ಇದೆ. ಮೂರನ್ನೂ ಒಂದೇ ದೊಡ್ಡ ಕೇಸ್‌ನಲ್ಲಿ ಕೂರಿಸುವ ಯೋಚನೆ. ಗಟ್ಟಿಯಾಗಿರಲಿ ಅಂತ 12 ಮಿ.ಮೀ. ಪ್ಲೈವುಡ್ ತಗೊಳ್ಳೋಣ ಅಂದುಕೊಂಡಿದ್ದೇನೆ. ಒಳಗೆ ಯಾವುದಾದರೂ ಫೋಮ್ ಹಾಕಿದರೆ ಸಾಕು ಅಲ್ವಾ?

ಉತ್ತರ: ಸಾಕಾಗುವುದಿಲ್ಲ. ಇಡೀ ಕೆಲಸದಲ್ಲಿ ಜಾಸ್ತಿ ತಲೆ ಓಡಿಸಬೇಕಾದ್ದೇ ಫೋಮ್ ವಿಷಯದಲ್ಲಿ. ಪ್ಲೈವುಡ್, ಅಲ್ಯೂಮಿನಿಯಂ ಅಂಚು, ಲಾಚ್ (ಮುಚ್ಚಳ ಬಿಗಿಯುವ ಕೊಂಡಿ), ಚಕ್ರ ಎಲ್ಲವನ್ನೂ ಜನ ಅಳೆದು ತೂಗಿ ಆರಿಸುತ್ತಾರೆ, ಕೊನೆಗೆ ಉಳಿದ ಸಂದಿಗೆ ಕೈಗೆ ಸಿಕ್ಕಿದ ಸ್ಪಂಜು ತುರುಕಿಬಿಡುತ್ತಾರೆ. ಪೆಟ್ಟಿಗೆ ಕೈಜಾರಿ ಬಿದ್ದಾಗ ಪ್ಲೈವುಡ್‌ಗೆ ಏನೂ ಆಗದಿರಬಹುದು. ಆದರೆ ಒಳಗಿನ ಸರ್ಕ್ಯೂಟ್ ಬೋರ್ಡಿಗೆ, ಜಾಗ್ ವೀಲಿಗೆ (ಪ್ಲೇಯರ್ ಮೇಲೆ ಕೈಯಿಂದ ತಿರುಗಿಸುವ ಚಕ್ರ) ತಲುಪುವ ಏಟನ್ನು ತಗ್ಗಿಸುವುದು ಫೋಮ್ ಮಾತ್ರ.

ಸೋಫಾಗೆ ಹಾಕುವಂಥ ಮೆತ್ತನೆಯ ಪಾಲಿಯುರೆಥೇನ್ ಸ್ಪಂಜು ಬೇಡವೇ ಬೇಡ. ಅದು ತೇವ ಹೀರುತ್ತದೆ, ಭಾರಕ್ಕೆ ಪೂರ್ತಿ ಕುಸಿಯುತ್ತದೆ, ಹಳೆಯದಾದಂತೆ ಪುಡಿಪುಡಿಯಾಗಿ ಫೇಡರ್ (ಹಿಂದೆ ಮುಂದೆ ಜಾರಿಸುವ ಗುಂಡಿ) ಸಂದಿಯೊಳಗೆ ಸೇರಿಕೊಳ್ಳುತ್ತದೆ. ಕ್ಲೋಸ್ಡ್ ಸೆಲ್ (ಒಳಗಿನ ಗಾಳಿಗುಳ್ಳೆಗಳೆಲ್ಲ ಮುಚ್ಚಿಕೊಂಡಿರುವ) ಪಾಲಿಥಿನ್ ಫೋಮ್ ತಗೊಳ್ಳಿ, ಘನ ಮೀಟರಿಗೆ 33 ಕೆಜಿ ಸಾಂದ್ರತೆಯದು ನಿಮ್ಮ ಸಾಮಾನಿಗೆ ಸರಿಹೋಗುತ್ತದೆ.

ಇಲ್ಲಿ ಹೆಚ್ಚಿನವರು ಗಮನಿಸದ ಒಂದು ವಿಷಯ ಇದೆ. ಈ ಫೋಮ್ ಕೆಲಸ ಮಾಡಬೇಕಾದರೆ ಅದರ ಮೇಲೆ ಸಾಕಷ್ಟು ಭಾರ ಬೀಳಬೇಕು. ಭಾರ ಕಮ್ಮಿಯಾದರೆ ಅದು ಅಮುಕಿಕೊಳ್ಳುವುದೇ ಇಲ್ಲ, ಮರದ ಹಲಗೆಯ ಹಾಗೆ ನಿಂತು ಏಟನ್ನು ನೇರವಾಗಿ ಮೇಲಕ್ಕೆ ದಾಟಿಸುತ್ತದೆ. ನಿಮ್ಮ ಮಿಕ್ಸರ್ ತಳ 33 × 41 ಸೆಂ.ಮೀ. ಅಂತ ಇಟ್ಟುಕೊಳ್ಳಿ. ತಳದ ತುಂಬ ಫೋಮ್ ಹಾಸಿದರೆ ಒಂದು ಚದರ ಸೆಂ.ಮೀ.ಗೆ ಬೀಳುವುದು ಬರೀ 6 ಗ್ರಾಂ. ಬೇಕಾಗಿರುವುದು ಸುಮಾರು 50 ಗ್ರಾಂ. ಹಾಗಾಗಿ 8000 ಗ್ರಾಂ ತೂಕವನ್ನು 50ರಿಂದ ಭಾಗಿಸಿ, 160 ಚದರ ಸೆಂ.ಮೀ. ಬರುತ್ತದೆ. ಅಂದರೆ ನಾಲ್ಕು ಮೂಲೆಗೆ ಒಂದೊಂದರಂತೆ, ಸುಮಾರು 6.5 ಸೆಂ.ಮೀ. ಚೌಕದ ನಾಲ್ಕೇ ತುಂಡು ಸಾಕು! ದಪ್ಪ 4ರಿಂದ 5 ಸೆಂ.ಮೀ. ಇರಲಿ. ಮಿಕ್ಸರಿನ ರಬ್ಬರ್ ಕಾಲಿನ ಕೆಳಗೆ ಇಡಬೇಡಿ, ಕಾಲಿನ ಪಕ್ಕದ ಸಪಾಟು ಲೋಹದ ಕೆಳಗೆ ಬರುವಂತೆ ಇಡಿ. ಅಕ್ಕಪಕ್ಕದ ಗೋಡೆಗಳಿಗೂ ಇದೇ ಲೆಕ್ಕ, ಪೂರ್ತಿ ಹಾಳೆ ಬೇಡ, ತುಂಡುಗಳು ಸಾಕು. ಸಾಮಾನು ಅಲ್ಲಾಡದ ಹಾಗೆ ಬಿಗಿಯಾಗಿ ಕೂತಿದ್ದರೆ ಆಯಿತು.

ಈಗ ಪ್ಲೈವುಡ್. 9 ಮಿ.ಮೀ. ಬರ್ಚ್ ಪ್ಲೈ ಬೇಕಾದಷ್ಟು ಗಟ್ಟಿ, ಫ್ಲೈಟ್ ಕೇಸ್ (ಸಲಕರಣೆ ಸಾಗಿಸುವ ಇಂಥ ಗಟ್ಟಿ ಪೆಟ್ಟಿಗೆ) ಮಾಡುವವರು ಸಾಮಾನ್ಯವಾಗಿ ಬಳಸುವುದೂ ಅದನ್ನೇ. ಚದರ ಮೀಟರಿಗೆ ಅದು ಸುಮಾರು 6 ಕೆಜಿ ತೂಗುತ್ತದೆ, 12 ಮಿ.ಮೀ.ದು ಸುಮಾರು 8 ಕೆಜಿ. ಮೂರೂ ಸಾಮಾನು ಹಿಡಿಸುವ ಪೆಟ್ಟಿಗೆಗೆ ಹತ್ತಿರ ಹತ್ತಿರ 2.4 ಚದರ ಮೀಟರ್ ಹಲಗೆ ಹೋಗುತ್ತದೆ. 12 ಮಿ.ಮೀ. ಆದರೆ ಬರೀ ಹಲಗೆಯೇ 19 ಕೆಜಿ. ಒಂದೊಂದು ಪ್ಲೇಯರ್ 5.5 ಕೆಜಿ, ಅದರ ಮೇಲೆ ಮಿಕ್ಸರ್, ಅಂದರೆ ಸಾಮಾನು ಇನ್ನೊಂದು 19 ಕೆಜಿ. ಅಲ್ಯೂಮಿನಿಯಂ, ಹಿಡಿಕೆ, ಚಕ್ರ ಸೇರಿದರೆ 40 ಕೆಜಿ ದಾಟಿತು. ಮೆಟ್ಟಿಲು ಹತ್ತಿಸಲು ಇಬ್ಬರು ಬೇಕು, ಒಬ್ಬರ ಕೈ ಜಾರಿದರೂ ಮೂರೂ ಒಟ್ಟಿಗೆ ಬೀಳುತ್ತವೆ. ಹೆಚ್ಚಿನ ವಿಮಾನ ಸಂಸ್ಥೆಗಳು 32 ಕೆಜಿಗಿಂತ ಭಾರದ ಒಂದೇ ನಗವನ್ನು ಬ್ಯಾಗೇಜ್ ಆಗಿ ಒಪ್ಪುವುದೂ ಇಲ್ಲ. ಮೂರು ಬೇರೆ ಬೇರೆ ಕೇಸ್ ಮಾಡಿ. ಕೆಲಸ ಜಾಸ್ತಿ, ನಿಜ, ಆದರೆ ಹೊರಬೇಕಾದವರು ನೀವೇ ಅಲ್ವಾ.

ಪ್ರಶ್ನೆ: ಕೇಸ್ ಮಾಡಿಯಾಯಿತು, ನೋಡಲು ಚೆನ್ನಾಗಿದೆ. ಆದರೆ ಮುಚ್ಚಳ ಹಾಕಿದರೆ ಕಂಟ್ರೋಲರ್‌ನ (ಪ್ಲೇಯರ್, ಮಿಕ್ಸರ್ ಎರಡರ ಗುಂಡಿಗಳೂ ಒಂದರಲ್ಲೇ ಇರುವ ಸಲಕರಣೆ) ನಾಬ್‌ಗಳು ಫೋಮ್‌ಗೆ ಒತ್ತಿಕೊಳ್ಳುತ್ತಿವೆ ಅನ್ನಿಸುತ್ತಿದೆ. ಮೆತ್ತನೆಯ ಫೋಮ್ ತಾನೇ, ಪರವಾಗಿಲ್ಲವಾ?

ಉತ್ತರ: ದಯವಿಟ್ಟು ಹಾಗೇ ಬಿಡಬೇಡಿ. ಗಾಡಿ ಕುಲುಕಿದಷ್ಟೂ ಸಲ ಆ ಒತ್ತಡ ನಾಬ್‌ನ ದಂಡದ ಮೂಲಕ ಕೆಳಗಿನ ಬೋರ್ಡಿಗೆ ಇಳಿಯುತ್ತದೆ, ಬೆಸುಗೆ ಬಿಡುತ್ತದೆ. ಫೇಡರ್ ಆದರೆ ಅಡ್ಡಕ್ಕೆ ಬಾಗುತ್ತದೆ. ಮುಚ್ಚಳದ ಫೋಮ್ ಮುಟ್ಟಬೇಕಾದ್ದು ಸಾಮಾನಿನ ಗಟ್ಟಿ ಅಂಚನ್ನು ಮಾತ್ರ, ಬಟನ್ ಇರುವ ಕಡೆ ಪೂರ್ತಿ ಖಾಲಿ ಇರಬೇಕು.

ಎಷ್ಟು ಜಾಗ ಇದೆ ಅಂತ ಮುಚ್ಚಿದ ಮೇಲೆ ಕಾಣುವುದಿಲ್ಲ, ಅದಕ್ಕೊಂದು ಉಪಾಯ ಇದೆ. ಮಕ್ಕಳು ಆಡುವ ಮೆತ್ತನೆಯ ಕ್ಲೇಯನ್ನು 3 ಸೆಂ.ಮೀ. ಎತ್ತರದ ಉಂಡೆ ಮಾಡಿ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಎಲ್ಲಕ್ಕಿಂತ ಎತ್ತರದ ನಾಬ್ ಪಕ್ಕದ ಸಪಾಟು ಜಾಗದಲ್ಲಿ ಇಡಿ. ನಿಧಾನಕ್ಕೆ ಮುಚ್ಚಿ, ಲಾಚ್ ಹಾಕಿ, ಮತ್ತೆ ತೆಗೆಯಿರಿ. ಚಪ್ಪಟೆಯಾದ ಕ್ಲೇಯ ಎತ್ತರ ಅಳೆದು ಅದರಲ್ಲಿ ನಾಬ್‌ನ ಎತ್ತರ ಕಳೆಯಿರಿ. ಉಳಿದದ್ದು 10 ಮಿ.ಮೀ.ಗಿಂತ ಕಮ್ಮಿ ಬಂದರೆ ಅಲ್ಲಿನ ಫೋಮ್ ಕತ್ತರಿಸಿ. ಹೊರಗಿನಿಂದ ಮುಚ್ಚಳ ಅಮುಕಿದರೆ ಹಲಗೆ ಸ್ವಲ್ಪ ಬಾಗುತ್ತದೆ, ಆ ಜಾಗ ಅದಕ್ಕೆ.

ಇನ್ನು ಕೇಬಲ್ ಚುಚ್ಚಿಟ್ಟೇ ಒಯ್ಯುವ ಅಭ್ಯಾಸ ಇರುವವರು ಹಿಂದುಗಡೆ 7ರಿಂದ 8 ಸೆಂ.ಮೀ. ಬಿಡಲೇಬೇಕು. ಪ್ಲಗ್‌ನ ಉದ್ದ ಮಾತ್ರ ಅಳೆದರೆ ಸಾಲದು, ವೈರ್ ಬಾಗಲಿಕ್ಕೂ ಜಾಗ ಬೇಕು.

ಪ್ರಶ್ನೆ: ಕೇಸ್‌ನ ಅಂಚು, ಹಿಡಿಕೆಗಳನ್ನು ಹಲಗೆಗೆ ಹಿಡಿದಿಡುವ ರಿವೆಟ್‌ಗಳು (ಲೋಹದ ಮೊಳೆಗಳು) ಕೆಲವೇ ತಿಂಗಳಲ್ಲಿ ಸಡಿಲವಾದವು. ಸ್ಕ್ರೂ ಹಾಕಿದರೆ ಒಳ್ಳೆಯದಾ?

ಉತ್ತರ: ಸ್ಕ್ರೂ ಬೇಡ. 9 ಮಿ.ಮೀ. ಹಲಗೆಯಲ್ಲಿ ಕಚ್ಚಿಕೊಳ್ಳಲು ಮರವೇ ಕಮ್ಮಿ, ಕುಲುಕಾಟಕ್ಕೆ ಬೇಗ ಬಿಚ್ಚಿಕೊಳ್ಳುತ್ತದೆ. ರಿವೆಟ್ 4.8 ಮಿ.ಮೀ.ದು ಇರಲಿ, ರಂಧ್ರ 4.9. ಸಡಿಲವಾಗಲು ಸಾಮಾನ್ಯವಾಗಿ ಎರಡು ಕಾರಣ. ಒಂದು, ರಿವೆಟ್‌ನ ಒಟ್ಟು ಉದ್ದ ನೋಡಿ ಕೊಳ್ಳುವುದು. ನೋಡಬೇಕಾದ್ದು ರಿವೆಟ್ ಬರುವ ಡಬ್ಬಿ ಮೇಲೆ ಬರೆದಿರುವ ಗ್ರಿಪ್ ರೇಂಜ್, ಅಂದರೆ ಅದು ಎಷ್ಟು ದಪ್ಪವನ್ನು ಹಿಡಿಯಬಲ್ಲದು ಅನ್ನುವುದು. 9 ಮಿ.ಮೀ. ಹಲಗೆಗೆ 1.5 ಮಿ.ಮೀ. ಅಲ್ಯೂಮಿನಿಯಂ ಸೇರಿದರೆ 10.5, ಅದು ಆ ರೇಂಜ್ ಒಳಗೆ ಬರಬೇಕು. ಎರಡು, ಒಳಗಡೆ ರಿವೆಟ್‌ನ ಬಾಲ ನೇರವಾಗಿ ಮರಕ್ಕೆ ಕೂರುವುದು. ಅದು ಮರದೊಳಗೆ ಇಳಿದು ಹಿಡಿತ ಬಿಡುತ್ತದೆ. ಹಿಡಿಕೆ, ಲಾಚ್, ಚಕ್ರ ಇರುವ ಕಡೆಯಾದರೂ ಹಿಂದೆ ಒಂದು ವಾಷರ್ ಹಾಕಿ. ಫೋಮ್ ಅಂಟಿಸುವುದು ರಿವೆಟ್ ಕೆಲಸ ಪೂರ್ತಿ ಮುಗಿದ ಮೇಲೆ.

ಪ್ರಶ್ನೆ: ಟೆಕ್ನಿಕ್ಸ್ ಎಸ್‌ಎಲ್-1200 ಟರ್ನ್‌ಟೇಬಲ್‌ಗೆ ಕೇಸ್ ಮಾಡುವಾಗ ಬೇರೆ ಏನಾದರೂ ನೋಡಿಕೊಳ್ಳಬೇಕಾ?

ಉತ್ತರ: ಹೌದು, ಬಿಡಿಭಾಗಗಳಿಗೆ ಗೂಡು ಬೇಕು. ದೂರ ಪ್ರಯಾಣಕ್ಕೆ ಪ್ಲ್ಯಾಟರ್ (ರೆಕಾರ್ಡ್ ಇಡುವ ತಿರುಗುವ ತಟ್ಟೆ), ಕೌಂಟರ್‌ವೇಟ್ (ಆರ್ಮಿನ ಹಿಂದಿನ ತೂಕದ ಗುಂಡು), ಸೂಜಿ ಸಮೇತ ಹೆಡ್‌ಶೆಲ್ (ಸೂಜಿ ಕೂರುವ ತುದಿ) ಮೂರನ್ನೂ ಬಿಚ್ಚಿ, ಟೋನ್‌ಆರ್ಮನ್ನು (ಸೂಜಿ ಹಿಡಿದಿರುವ ತೋಳು) ಕ್ಲಾಂಪ್‌ಗೆ ಸಿಕ್ಕಿಸಿಡಿ. ಕೌಂಟರ್‌ವೇಟ್ ಹಾಗೇ ಬಿಟ್ಟರೆ ಪ್ರತಿ ಕುಲುಕಿಗೂ ಅದರ ತೂಕ ಆರ್ಮಿನ ಸಣ್ಣ ಬೇರಿಂಗ್ ಮೇಲೆ ಬೀಳುತ್ತದೆ. ಪ್ಲ್ಯಾಟರ್‌ಗೆ ಮುಚ್ಚಳದಲ್ಲಿ ಜಾಗ ಮಾಡಬೇಡಿ, ಕಳಚಿಕೊಂಡರೆ ನೇರ ಆರ್ಮಿನ ಮೇಲೇ ಬರುತ್ತದೆ. ತಳದಲ್ಲಿ ಟರ್ನ್‌ಟೇಬಲ್ ಕೆಳಗೆ ಪ್ರತ್ಯೇಕ ಅಂಕಣ ಮಾಡಿ, ಅಥವಾ ಪ್ಲ್ಯಾಟರ್‌ಗಳಿಗೇ ಒಂದು ಚಿಕ್ಕ ಪೆಟ್ಟಿಗೆ ಮಾಡಿ. ಎರಡನೆಯದೇ ಸುಲಭ.