ಕೇಳಿದ್ದಕ್ಕೆ ಉತ್ತರ: ಮೂರನೇ ಪ್ರತಿ ಮಸುಕು, ಥಂಬ್ ಹತ್ತವಲ್ದು

ಪ್ರಶ್ನೆ: ನಮ್ಮದು ಮೆಣಸಿನಕಾಯಿ ಅಡತಿ ಅಂಗಡಿ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ಮೂರು ಪ್ರತಿಯ ಪಟ್ಟಿ ತೆಗೆಯುತ್ತೇವೆ. ಮೇಲಿನ ಹಾಳೆ ಕಪ್ಪಗೆ ಬರುತ್ತದೆ, ಮೂರನೆಯದು ಓದಲಿಕ್ಕೇ ಬರುವುದಿಲ್ಲ. ಹೊಸ ರಿಬ್ಬನ್ ಹಾಕಿದರೂ ಅಷ್ಟೇ. ಅಕ್ಷರದ ನಡುವೆ ಬಿಳಿ ಗೆರೆ ಬೇರೆ. ಲೇಸರ್ ತೆಗೆದುಕೊಳ್ಳೋಣವೇ?
– ಓದುಗರು, ಬ್ಯಾಡಗಿ

ಉತ್ತರ: ಅವಸರ ಬೇಡ. ಲೇಸರ್ ಪ್ರಿಂಟರ್ ಕಾಗದಕ್ಕೆ ಹೊಡೆಯುವುದಿಲ್ಲ, ಟೋನರ್ ಪುಡಿಯನ್ನು ಬಿಸಿ ಮಾಡಿ ಅಂಟಿಸುತ್ತದೆ. ಕೆಳಗಿನ ಹಾಳೆಗೆ ಅಕ್ಷರ ಇಳಿಯಬೇಕೆಂದರೆ ಪೆಟ್ಟು ಬೇಕು. ಲೇಸರ್ ಕೊಂಡರೆ ಮೂರು ಹಾಳೆ ಬೇರೆಬೇರೆಯಾಗಿಯೇ ತೆಗೆಯಬೇಕು.

ರಿಬ್ಬನ್ನಿನ ಶಾಯಿ ಬೀಳುವುದು ಮೇಲಿನ ಹಾಳೆಯ ಮೇಲೆ ಮಾತ್ರ. ಕೆಳಗಿನವು ಮೂಡುವುದು ಕಾಗದದ ಲೇಪನ ಒತ್ತಡಕ್ಕೆ ಒಡೆದಾಗ. ಹಾಗಾಗಿ ಮೇಲಿನದು ಮಸುಕು, ಕೆಳಗಿನದು ಸ್ಪಷ್ಟ ಎಂದರೆ ರಿಬ್ಬನ್ ಒಣಗಿದೆ. ನಿಮ್ಮಲ್ಲಿ ಉಲ್ಟಾ ಇದೆ, ಅಂದರೆ ಪೆಟ್ಟು ಸಾಲುತ್ತಿಲ್ಲ. ಮುಚ್ಚಳ ತೆಗೆದರೆ ಒಂದು ಬದಿಗೆ ಅಂಕಿ ಬರೆದ ಸಣ್ಣ ಸನ್ನೆ ಕಾಣುತ್ತದೆ. ಪಿನ್ನುಗಳಿಂದ ಅಕ್ಷರ ಹೊಡೆಯುವ ಹೆಡ್ಡಿಗೂ ಕಾಗದಕ್ಕೂ ನಡುವಿನ ಅಂತರ ಹೊಂದಿಸುವುದು ಅದೇ. ಒಂಟಿ ಹಾಳೆಗೆ ಸಾಮಾನ್ಯವಾಗಿ 0, ಪ್ರತಿ ಹೆಚ್ಚಿದಂತೆ ಅಂಕಿ ಏರುತ್ತದೆ. ಯಾರೋ ದಪ್ಪ ಕಾಗದಕ್ಕೆಂದು ಏರಿಸಿ ಹಾಗೇ ಬಿಟ್ಟಿರಬಹುದು. ಒಂದೊಂದೇ ಹಂತ ಇಳಿಸಿ ನೋಡಿ. ತೀರಾ ಇಳಿಸಿದರೆ ಮೇಲಿನ ಹಾಳೆಗೆ ಮಸಿ ಬಳಿಯುತ್ತದೆ, ಕಾಗದ ಸಿಕ್ಕಿಕೊಳ್ಳುತ್ತದೆ. ಅಲ್ಲಿಂದ ಒಂದು ಹಂತ ಹಿಂದೆ ಬನ್ನಿ.

ಬಿಳಿ ಗೆರೆಯ ಕಥೆ ಬೇರೆ. ಸಾಲಿನುದ್ದಕ್ಕೂ ಒಂದೇ ಎತ್ತರದಲ್ಲಿ ಬಂದರೆ ಹೆಡ್ಡಿನ 9 ಪಿನ್ನುಗಳಲ್ಲಿ (ಕೆಲವಕ್ಕೆ 24) ಒಂದು ಮುರಿದಿದೆ, ಇಲ್ಲವೇ ಜಾಮ್ ಆಗಿದೆ. ಪ್ರಿಂಟರ್ ಆಫ್ ಮಾಡಿ, ಲೈನ್ ಫೀಡ್ ಗುಂಡಿ ಒತ್ತಿಹಿಡಿದೇ ಆನ್ ಮಾಡಿದರೆ ಹೆಚ್ಚಿನ ಮಾದರಿಗಳು ಕಂಪ್ಯೂಟರಿನ ಹಂಗಿಲ್ಲದೆ ತಾವೇ ಪರೀಕ್ಷಾ ಪುಟ ಹೊಡೆಯುತ್ತವೆ. ಅದರಲ್ಲೂ ಗೆರೆ ಇದ್ದರೆ ಸಾಫ್ಟ್‌ವೇರ್‌ನವರಿಗೆ ಫೋನ್ ಮಾಡಿ ಉಪಯೋಗವಿಲ್ಲ, ಹೆಡ್ ರಿಪೇರಿಗೆ ಕೊಡಿ. ಹಳೆ ರಿಬ್ಬನ್ನಿಗೆ ಸ್ಟ್ಯಾಂಪ್ ಪ್ಯಾಡಿನ ಶಾಯಿ ಸುರಿಯುವ ರೂಢಿ ನಿಮ್ಮಲ್ಲಿದ್ದರೆ ನಿಲ್ಲಿಸಿ. ರಿಬ್ಬನ್ ಶಾಯಿಯಲ್ಲಿ ಪಿನ್ನುಗಳಿಗೆ ಬೇಕಾದ ಎಣ್ಣೆಯ ಅಂಶ ಇರುತ್ತದೆ, ಇದರಲ್ಲಿಲ್ಲ. ಎಳೆ ಕಿತ್ತ ರಿಬ್ಬನ್ನೂ ಪಿನ್ ಮುರಿಯುತ್ತದೆ.

ಸುಗ್ಗಿಯಲ್ಲಿ ಮೆಣಸಿನ ಧೂಳು ಹೆಡ್ ಓಡಾಡುವ ಸರಳಿಗೆ ಮೆತ್ತಿಕೊಳ್ಳುತ್ತದೆ. ಆಫ್ ಮಾಡಿ, ಹೆಡ್ ತಣ್ಣಗಾದ ಮೇಲೆ ಒಣ ಮೆತ್ತನೆ ಬಟ್ಟೆಯಿಂದ ಒರೆಸಿ. ಬಾಯಿಂದ ಊದಬೇಡಿ, ಧೂಳು ಕಣ್ಣಿಗೆ ಬಂದರೆ ಆ ದಿನದ ಪಟ್ಟಿ ಮುಗಿದಂತೆ!

ಪ್ರಶ್ನೆ: ಗ್ರಾಮ ಒನ್ ಕೇಂದ್ರ ನಡೆಸುತ್ತೇನೆ. ವಯಸ್ಸಾದ ರೈತರ ಥಂಬ್ ಹತ್ತುವುದೇ ಇಲ್ಲ. ಯಂತ್ರ ಬದಲಿಸಬೇಕೇ?
– ಓದುಗರು, ಗದಗ ಜಿಲ್ಲೆ

ಉತ್ತರ: ಮೊದಲು ಎರರ್ ನಂಬರ್ ನೋಡಿ. 330 ಬಂದರೆ ಆಧಾರ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಆಗಿದೆ. ಎಷ್ಟು ಸಲ ಬೆರಳಿಟ್ಟರೂ ಅಷ್ಟೇ, ನೋಂದಾಯಿತ ಮೊಬೈಲಿನ ಓಟಿಪಿಯಿಂದ ಅನ್‌ಲಾಕ್ ಮಾಡಿಸಬೇಕು. 300 ಎಂದರೆ ಗುರುತು ಹೊಂದುತ್ತಿಲ್ಲ.

ಕುಡಗೋಲು, ಗುದ್ದಲಿ ಹಿಡಿದ ಕೈಯ ಗೆರೆ ಸವೆದಿರುತ್ತದೆ, ಚರ್ಮ ಒಣಗಿರುತ್ತದೆ. ಒಣ ಗೆರೆ ಗಾಜಿಗೆ ಸರಿಯಾಗಿ ಅಂಟುವುದಿಲ್ಲ, ಯಂತ್ರಕ್ಕೆ ತುಂಡುತುಂಡಾಗಿ ಕಾಣುತ್ತದೆ. ಕೈ ತೊಳೆಸಿ, ಒರೆಸಿ, ಒದ್ದೆ ಬಟ್ಟೆಗೆ ಬೆರಳು ಸ್ವಲ್ಪ ತಾಗಿಸಿ. ನೀರು ಹೆಚ್ಚಾದರೆ ಗೆರೆಗಳ ನಡುವಿನ ಸಂದು ತುಂಬಿ ಮಚ್ಚೆಯಾಗುತ್ತದೆ. ತುದಿಯಲ್ಲ, ಬೆರಳಿನ ಸುಳಿ ಗಾಜಿನ ಮಧ್ಯೆ ಬರುವಂತೆ ಚಪ್ಪಟೆಯಾಗಿ ಇಡಿಸಿ. ಹೆಬ್ಬೆರಳಿಗೇ ಹಟ ಹಿಡಿಯದೆ ಹತ್ತೂ ನೋಡಿ. ಕಡಿಮೆ ಸವೆದ ಬೆರಳು ಬೇಗ ಹತ್ತುತ್ತದೆ. ಬಾಗಿಲ ಬಿಸಿಲು ನೇರ ಗಾಜಿಗೆ ಬಿದ್ದರೂ ಯಂತ್ರ ದಿಕ್ಕೆಡುತ್ತದೆ, ಮೇಜಿನ ಜಾಗ ಬದಲಿಸಿ. ಆಗಲೂ ಆಗದಿದ್ದರೆ, ಆ ಸೇವೆಯಲ್ಲಿ ಅವಕಾಶವಿದ್ದರೆ, ಕಣ್ಣು ಅಥವಾ ಮುಖದ ದೃಢೀಕರಣ ಬಳಸಿ. ಆಧಾರ್ ಕೇಂದ್ರದಲ್ಲಿ ಬಯೋಮೆಟ್ರಿಕ್ ಅಪ್‌ಡೇಟ್ ಮಾಡಿಸಲೂ ಹೇಳಿ.

ಪ್ರಶ್ನೆ: ಟಚ್‌ಸ್ಕ್ರೀನ್ ಇನ್‌ಪುಟ್ ಸಾಧನವೋ ಔಟ್‌ಪುಟ್ ಸಾಧನವೋ?
– ವಿದ್ಯಾರ್ಥಿನಿ, ಧಾರವಾಡ

ಉತ್ತರ: ಎರಡೂ. ಚಿತ್ರ ತೋರಿಸುವ ಡಿಸ್‌ಪ್ಲೇ ಔಟ್‌ಪುಟ್, ಬೆರಳನ್ನು ಗುರುತಿಸುವ ಟಚ್ ಪದರ ಇನ್‌ಪುಟ್. ಚಿತ್ರ ಸರಿಯಿದ್ದು ಬೆರಳಿಗೆ ಸ್ಪಂದಿಸದಿದ್ದರೆ ಟಚ್ ಹೋಗಿದೆ. ಪರದೆ ಕಪ್ಪಾಗಿದ್ದೂ ಮುಟ್ಟಿದಾಗ ಸದ್ದು ಬಂದರೆ ಡಿಸ್‌ಪ್ಲೇ ಹೋಗಿದೆ. ಈಗಿನ ಬಹುತೇಕ ಮೊಬೈಲುಗಳಲ್ಲಿ ಎರಡನ್ನೂ ಅಂಟಿಸಿರುವುದರಿಂದ ರಿಪೇರಿಯವರು ‘ಕಾಂಬೊ’ ಎಂದು ಒಟ್ಟಿಗೇ ಬದಲಿಸುತ್ತಾರೆ.