ನಕ್ಕಿದ್ದು ಸರಿ, ನಕ್ಕ ಜಾಗ ತಪ್ಪು

ಮಾನ್ಯರೇ,

ನಿಮ್ಮ ಆರು ಪುಟದ ಪತ್ರ ತಲುಪಿತು. ಅದನ್ನು ಎರಡು ಸಲ ಓದಿದೆ. ಮೊದಲ ಸಲ ನಗುತ್ತ, ಎರಡನೇ ಸಲ ಸ್ವಲ್ಪ ಕಸಿವಿಸಿಯಿಂದ.

ಬೇರೆ ಓದುಗರಿಗೆ ಹಿನ್ನೆಲೆ ಗೊತ್ತಿರಲಿ. ಹೋದ ಸಂಚಿಕೆಯಲ್ಲಿ ಒಂದು ಅಗ್ಗದ ಟೀವಿ ಸಿನಿಮಾದ ಬಗ್ಗೆ ನೋಡುಗರು ಬರೆದು ಕಳಿಸಿದ ಅಭಿಪ್ರಾಯಗಳನ್ನು ಎರಡು ಪುಟ ತುಂಬ ಹಾಕಿದ್ದೆವು. ಸಮುದ್ರತಳದಲ್ಲಿ ಹೆಪ್ಪುಗಟ್ಟಿ ಕೂತಿದ್ದ ಮೀಥೇನ್ ಅನಿಲವನ್ನು ಕಂಪನಿಯೊಂದು ಕೊರೆದು ಕೆದಕುತ್ತದೆ, ಸಮುದ್ರ ಹೊತ್ತಿಕೊಳ್ಳುತ್ತದೆ, ಕರಾವಳಿಯ ನಗರ ಇನ್ನೇನು ಬೂದಿಯಾಗಬೇಕು ಅನ್ನುವಾಗ ಯಾರೂ ಮಾತು ಕೇಳದ ವಿಜ್ಞಾನಿಯೊಬ್ಬ ಬಾಂಬಿಟ್ಟು ಬಿರುಕು ಮುಚ್ಚುತ್ತಾನೆ. ಕಥೆ ಇಷ್ಟೇ. ಬಂದ ಅಭಿಪ್ರಾಯಗಳಲ್ಲಿ ಹೆಚ್ಚಿನವು ಗೇಲಿ. ಇಬ್ಬರು ಮಾತ್ರ, ಸಿನಿಮಾ ಕೆಟ್ಟದಾಗಿತ್ತು, ಆದರೂ ಆ ರಾತ್ರಿ ನಿದ್ದೆ ಹತ್ತಲಿಲ್ಲ ಎಂದು ಬರೆದಿದ್ದರು. ನಾವು ಆ ಇಬ್ಬರನ್ನು ಪುಟದ ಮೇಲ್ಭಾಗದಲ್ಲಿ ಕೂರಿಸಿ ಗೇಲಿಯವರನ್ನು ಕೆಳಗೆ ತಳ್ಳಿದ್ದೇ ನಿಮ್ಮ ಸಿಟ್ಟಿಗೆ ಮೂಲ. "ಉದ್ದೇಶ ಒಳ್ಳೆಯದಿದ್ದರೆ ಕಸವನ್ನೂ ಕಸ ಅನ್ನಬಾರದೇ?" ಎಂದು ಕೇಳಿದ್ದೀರಿ.

ಅನ್ನಬಹುದು, ಧಾರಾಳವಾಗಿ ಅನ್ನಬಹುದು. ಒಂದೇ ಹೆಲಿಕಾಪ್ಟರ್ ಒಂದೇ ಕಟ್ಟಡದ ಹಿಂದಿನಿಂದ ಮೂರು ಸಲ ಬಂತು ಎಂದು ನೀವು ಲೆಕ್ಕ ಹಾಕಿದ್ದೀರಿ. ನನ್ನ ಲೆಕ್ಕಕ್ಕೆ ನಾಲ್ಕು ಸಲ. ನಾಲ್ಕನೆಯದನ್ನು ಎಡಬಲ ತಿರುಗಿಸಿ ಹಾಕಿದ್ದಾರೆ, ಬಾಲದ ಮೇಲಿನ ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುವುಮುರುವು. ಅಲೆಗಳ ಮೇಲೆ ಉರಿಯುವ ಬೆಂಕಿಯ ಬೆಳಕು ಅಲೆಗಳ ಮೇಲೇ ಬೀಳುವುದಿಲ್ಲ ಎಂಬ ನಿಮ್ಮ ಮಾತೂ ಒಪ್ಪುವಂಥದ್ದೇ. ಇಂಥ ಸಿನಿಮಾಗಳ ಚಿತ್ರೀಕರಣ ಎರಡು ಮೂರು ವಾರದಲ್ಲಿ ಮುಗಿಯುತ್ತದೆ. ಪ್ರವಾಹ, ಸುಂಟರಗಾಳಿ, ಓಡುವ ಜನಜಂಗುಳಿ ಇವೆಲ್ಲ ದಾಸ್ತಾನಿನಿಂದ ಕೊಂಡು ತಂದ ಹಳೆಯ ದೃಶ್ಯಗಳು. ಎರಡು ಗಂಟೆಯ ಪ್ರಸಾರದಲ್ಲಿ ಜಾಹೀರಾತು ಕಳೆದರೆ ಸಿನಿಮಾಕ್ಕೆ ಉಳಿಯುವುದು ಒಂದೂವರೆ ಗಂಟೆಗೂ ತುಸು ಕಡಿಮೆ. ಪ್ರತಿ ಜಾಹೀರಾತಿನ ಮುಂಚೆ ನೋಡುಗ ಚಾನೆಲ್ ಬದಲಿಸದ ಹಾಗೆ ಒಂದು ಆಘಾತ ಇಡಬೇಕು. ಹಾಗಾಗಿ ಆ ಸಮುದ್ರ ಗಡಿಯಾರ ನೋಡಿಕೊಂಡೇ ಸ್ಫೋಟಿಸುತ್ತದೆ. ಇದ್ದ ಅಷ್ಟಿಷ್ಟು ದುಡ್ಡನ್ನೂ ಆ ಸ್ಫೋಟಗಳಿಗೇ ಸುರಿದಿದ್ದಾರೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

ಇಲ್ಲಿಯವರೆಗೆ ನಾವಿಬ್ಬರೂ ಒಂದೇ ಪಕ್ಷ. ನಮ್ಮ ದಾರಿ ಬೇರೆಯಾಗುವುದು ನಿಮ್ಮ ಮೂರನೇ ಪುಟದಲ್ಲಿ. "ಉರಿಯುವ ಮಂಜುಗಡ್ಡೆಯಂತೆ! ಇಂಥ ಅವೈಜ್ಞಾನಿಕ ಕಟ್ಟುಕಥೆಯನ್ನು ನಂಬುವ ನೋಡುಗರ ಬಗ್ಗೆ ಕನಿಕರವಾಗುತ್ತದೆ" ಎಂದಿದ್ದೀರಿ. ಸ್ವಾಮಿ, ಆ ಇಡೀ ಸಿನಿಮಾದಲ್ಲಿ ನೂರಕ್ಕೆ ನೂರು ನಿಜವಾದ ಸಂಗತಿ ಅದೊಂದೇ. ಆಳ ಸಮುದ್ರದ ಚಳಿ ಮತ್ತು ಒತ್ತಡದಲ್ಲಿ ನೀರಿನ ಅಣುಗಳು ಪಂಜರದ ಹಾಗೆ ಜೋಡಿಸಿಕೊಂಡು ಒಳಗೆ ಮೀಥೇನನ್ನು ಕೂಡಿಹಾಕುತ್ತವೆ. ನೋಡಲು ಕೊಳೆ ಹಿಡಿದ ಹಿಮದ ಹಾಗಿರುತ್ತದೆ. ಮೀಥೇನ್ ಹೈಡ್ರೇಟ್ ಅಂತ ಹೆಸರು. ಒಂದು ಘನ ಮೀಟರಿನಷ್ಟು ಹೈಡ್ರೇಟ್ ಕರಗಿದರೆ ಸುಮಾರು 160 ಘನ ಮೀಟರ್ ಅನಿಲ ಬಿಡುಗಡೆಯಾಗುತ್ತದೆ. ತುಂಡೊಂದನ್ನು ಮೇಲೆ ತಂದು ಬೆಂಕಿ ಕಡ್ಡಿ ಗೀರಿದರೆ ಅಂಗೈ ಮೇಲಿನ ಕರ್ಪೂರದಂತೆ ಉರಿಯುತ್ತದೆ, ಕೆಳಗೆ ನೀರು ತೊಟ್ಟಿಕ್ಕುತ್ತದೆ.

ಸಿನಿಮಾ ಸುಳ್ಳು ಹೇಳಿದ್ದು ವೇಗದ ವಿಷಯದಲ್ಲಿ. ಸಮುದ್ರ ಬಿಸಿಯೇರಿ ಹೈಡ್ರೇಟ್ ಕರಗಿದರೂ ಅನಿಲ ಗುಳ್ಳೆಗುಳ್ಳೆಯಾಗಿ ಸಾವಕಾಶ ಹೊರಬರುತ್ತದೆ. ಆಳದಿಂದ ಹೊರಟ ಮೀಥೇನಿನಲ್ಲಿ ಹೆಚ್ಚಿನ ಪಾಲು ನೀರಿನಲ್ಲೇ ಕರಗಿ ಸೂಕ್ಷ್ಮಜೀವಿಗಳ ಪಾಲಾಗುತ್ತದೆ, ಮೇಲ್ಮೈ ಮುಟ್ಟುವುದೇ ಇಲ್ಲ. ಸಮುದ್ರತಳದ ಈ ದಾಸ್ತಾನು ಈ ಶತಮಾನದಲ್ಲಿ ಹವಾಮಾನದ ಲೆಕ್ಕವನ್ನು ಗಮನಕ್ಕೆ ಬರುವಷ್ಟು ಏರುಪೇರು ಮಾಡುವ ಸಾಧ್ಯತೆ ತೀರಾ ಕಡಿಮೆ ಎಂದು ವಿಶ್ವಸಂಸ್ಥೆಯ ಹವಾಮಾನ ಸಮಿತಿಯಾದ ಐಪಿಸಿಸಿಯ 2021ರ ವರದಿ ಹೇಳಿದೆ. ಅಂದರೆ ಕಟ್ಟುಕಥೆ ಇರುವುದು ಮಂಜುಗಡ್ಡೆಯಲ್ಲಲ್ಲ, ಗಡಿಯಾರದಲ್ಲಿ.

ಇದೇ ಮೀಥೇನ್ ನಿಜವಾಗಿ ಏನು ಮಾಡಿತು ಅನ್ನುವುದನ್ನು ಜಗತ್ತು 2010ರಲ್ಲಿ ಟೀವಿಯಲ್ಲೇ ನೋಡಿತು. ಮೆಕ್ಸಿಕೋ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ಎಂಬ ತೈಲ ಅಟ್ಟಣೆ. ಏಪ್ರಿಲ್ 20ರ ರಾತ್ರಿ ಬಾವಿಯೊಳಗಿನಿಂದ ನುಗ್ಗಿದ ಅನಿಲ ಹೊತ್ತಿಕೊಂಡು 11 ಮಂದಿ ಸತ್ತರು. ಸುಮಾರು 1,500 ಮೀಟರ್ ಆಳದಲ್ಲಿ ಬಾಯ್ತೆರೆದ ಬಾವಿಯಿಂದ ತೈಲ ಉಕ್ಕತೊಡಗಿತು. ಮೇ ಮೊದಲ ವಾರ ಮನೆಯಷ್ಟು ದೊಡ್ಡ ಉಕ್ಕಿನ ಗೂಡೊಂದನ್ನು ಇಳಿಸಿ ಸೋರಿಕೆಯ ಮೇಲೆ ಕವಚಲು ನೋಡಿದರು. ಆಗ ಅಡ್ಡ ಬಂದದ್ದು ಯಾವುದು ಗೊತ್ತೇ? ನೀವು ಕಟ್ಟುಕಥೆ ಅಂದ ಆ ಮಂಜುಗಡ್ಡೆಯೇ. ಸೋರುವ ಅನಿಲ ತಣ್ಣೀರಿಗೆ ಸಿಕ್ಕಿ ಹೈಡ್ರೇಟಾಗಿ ಹೆಪ್ಪುಗಟ್ಟಿ ಗೂಡಿನ ಬಾಯಿ ಕಟ್ಟಿಕೊಂಡಿತು. ಗೂಡನ್ನು ಪಕ್ಕಕ್ಕಿಡಬೇಕಾಯಿತು. ತೈಲ ನಿಂತದ್ದು ಜುಲೈ 15ಕ್ಕೆ, 87 ದಿನಗಳ ಮೇಲೆ.

ಆ ದಿನಗಳಲ್ಲಿ ಸಮುದ್ರತಳದ ಕ್ಯಾಮೆರಾದ ನೇರಪ್ರಸಾರ ಬರುತ್ತಿತ್ತು. ನಟರಿಲ್ಲ, ಸಂಗೀತವಿಲ್ಲ. ಮಸುಕು ನೀಲಿಯಲ್ಲಿ ಕಂದು ಹೊಗೆಯ ಹಾಗೆ ಉಕ್ಕುವ ತೈಲ, ಬೆಳಗ್ಗೆ ನೋಡಿದರೂ ಅದೇ, ರಾತ್ರಿ ನೋಡಿದರೂ ಅದೇ. ಪರಿಸರ ದುರಂತದ ಬಗ್ಗೆ ನಾನು ನೋಡಿದ ಅತ್ಯಂತ ಅಗ್ಗದ, ಅತ್ಯಂತ ಭಯಂಕರ ಚಿತ್ರ ಅದು. ಅದರಲ್ಲಿ ಏನೂ ನಡೆಯುವುದಿಲ್ಲ. ನಿಲ್ಲುವುದೂ ಇಲ್ಲ, ಅಷ್ಟೇ.

ನನ್ನ ತಕರಾರು ಬಾಂಬಿನ ಮೇಲೆ. ಹೆಲಿಕಾಪ್ಟರ್ ನಾಲ್ಕು ಸಲ ಬಂದರೆ ನೋಡುಗ ನಕ್ಕು ಸುಮ್ಮನಾಗುತ್ತಾನೆ, ಮೋಸ ಹೋಗುವುದಿಲ್ಲ. ಆದರೆ ಇಷ್ಟೆಲ್ಲ ಅನಾಹುತ ಕೊನೆಯ ಹತ್ತು ನಿಮಿಷದಲ್ಲಿ ಒಂದು ಸ್ಫೋಟಕ್ಕೆ ಸರಿಹೋಗುತ್ತದೆ ಎಂದು ತೋರಿಸಿದಾಗ ನಗುವವರು ಯಾರೂ ಇರುವುದಿಲ್ಲ. ಅಷ್ಟು ಹೊತ್ತಿಗೆ ಗಂಡ ಹೆಂಡತಿ ಮತ್ತೆ ಒಂದಾಗಿರುತ್ತಾರೆ, ಮಗಳು ಸಿಕ್ಕಿರುತ್ತಾಳೆ, ಸೂರ್ಯ ಮೂಡಿರುತ್ತಾನೆ. ನಮಗೆ ಬಂದ ಅಭಿಪ್ರಾಯಗಳನ್ನು ಮತ್ತೆ ತೆಗೆದು ನೋಡಿದೆ. ಗ್ರಾಫಿಕ್ಸ್, ಅಭಿನಯ, ಸಂಭಾಷಣೆ, ವಿಜ್ಞಾನಿಯ ಇಸ್ತ್ರಿ ಮಾಸದ ಅಂಗಿ, ಎಲ್ಲದರ ಮೇಲೂ ಟೀಕೆಯಿದೆ. ಬಾಂಬಿನ ಮೇಲೆ ಒಂದೂ ಇಲ್ಲ. ನಿಮ್ಮ ಆರು ಪುಟದಲ್ಲೂ ಇಲ್ಲ.

ಈ ಬಾಂಬು ಇವರ ಸ್ವಂತ ಆವಿಷ್ಕಾರವೇನಲ್ಲ. 2004ರಲ್ಲಿ ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ ಬಂದ 'ಟೆನ್ ಪಾಯಿಂಟ್ ಫೈವ್' ಎಂಬ ಎರಡು ಕಂತಿನ ಚಿತ್ರದಲ್ಲಿ ಭೂಕಂಪ ನಿಲ್ಲಿಸಲು ನೆಲದ ಬಿರುಕಿಗೆ ಅಣುಬಾಂಬಿನ ಬೆಸುಗೆ ಹಾಕಲು ಹೊರಡುತ್ತಾರೆ. ಉಪಕರಣಗಳಲ್ಲಿ ದಾಖಲಾದ ಅತಿ ದೊಡ್ಡ ಭೂಕಂಪ 1960ರಲ್ಲಿ ಚಿಲಿಯಲ್ಲಿ ಆದದ್ದು, ಅದರ ತೀವ್ರತೆ 9.5. ಹತ್ತು ದಾಟುವ ಕಂಪನ ಹುಟ್ಟಿಸುವಷ್ಟು ಉದ್ದದ ಬಿರುಕು ಭೂಮಿಯ ಮೇಲೆ ಎಲ್ಲೂ ಕಂಡುಬಂದಿಲ್ಲ. ಅದಿರಲಿ. ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು, ಇಲ್ಲದಿದ್ದರೆ ಮುಂದಿನ ಪತ್ರದಲ್ಲಿ ನೀವೇ ನನ್ನನ್ನು ಹಿಡಿಯುತ್ತೀರಿ. ಬಾಂಬಿಟ್ಟು ಅನಿಲದ ಬೆಂಕಿ ನಂದಿಸಿದ್ದುಂಟು. ಉಜ್ಬೇಕಿಸ್ತಾನದ ಉರ್ತಾ-ಬುಲಾಕ್‌ನಲ್ಲಿ ಸುಮಾರು ಮೂರು ವರ್ಷ ಉರಿದ ಅನಿಲ ಬಾವಿಯೊಂದನ್ನು ಸೋವಿಯತ್ ಒಕ್ಕೂಟ 1966ರಲ್ಲಿ 30 ಕಿಲೋಟನ್ನಿನ ಅಣುಸ್ಫೋಟದಿಂದ ಮುಚ್ಚಿತು. ಆದರೆ ಅದು ಮನುಷ್ಯರೇ ಕೊರೆದ ಒಂದು ತೂತು, ಎಲ್ಲಿದೆ ಎಂದು ಗೊತ್ತಿದ್ದದ್ದು. ಪಕ್ಕದಲ್ಲಿ ಇನ್ನೊಂದು ಬಾವಿಯನ್ನು ಓರೆಯಾಗಿ ಕೊರೆದು, ಆಳದಲ್ಲಿ ಸ್ಫೋಟಿಸಿ, ಮೊದಲ ಬಾವಿಯನ್ನು ಹಿಸುಕಿ ಮುಚ್ಚಿದರು. ಮೈಲುಗಟ್ಟಲೆ ಹರಡಿದ ಹೈಡ್ರೇಟಿನ ಹಾಸಿಗೆಯ ಮೇಲೆ ಸ್ಫೋಟ ಮಾಡಿದರೆ ಮುಚ್ಚುವುದಿರಲಿ, ಇರುವುದೂ ಕದಡಿ ಏಳುತ್ತದೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ.

ನಿಜವಾದ ಪರಿಹಾರ ಹೇಗಿರುತ್ತದೆ? ಕ್ಯಾಮೆರೂನ್ ದೇಶದ ನ್ಯೋಸ್ ಸರೋವರ. 1986ರ ಆಗಸ್ಟ್ 21ರ ರಾತ್ರಿ ಅದರ ತಳದಲ್ಲಿ ಕರಗಿ ಕೂತಿದ್ದ ಇಂಗಾಲದ ಡೈಆಕ್ಸೈಡ್ ಒಮ್ಮೆಗೇ ಮೇಲೆದ್ದಿತು. ಆ ಅನಿಲ ಗಾಳಿಗಿಂತ ಭಾರ. ಕಣಿವೆಗುಂಟ ನೆಲಕ್ಕೆ ಅಂಟಿಕೊಂಡು ಹರಿದು, ಇಪ್ಪತ್ತು ಕಿಲೋಮೀಟರಿಗೂ ಆಚೆಯವರೆಗೆ ಮಲಗಿದ್ದವರನ್ನು ಮಲಗಿದ್ದಲ್ಲೇ ಕೊಂದಿತು. ಸುಮಾರು 1,700 ಜನ, ಮೂರು ಸಾವಿರಕ್ಕೂ ಹೆಚ್ಚು ದನಕರು. ಬೆಂಕಿಯಿಲ್ಲ, ಮನೆಗಳು ಬೀಳಲಿಲ್ಲ, ಪಾತ್ರೆ ಪಡಗ ಇಟ್ಟಲ್ಲೇ ಇದ್ದವು. ಕೆಲವರು ಗಂಟೆಗಟ್ಟಲೆ ಎಚ್ಚರ ತಪ್ಪಿ ಬಿದ್ದಿದ್ದು ಆಮೇಲೆ ಎದ್ದರು, ಸುತ್ತ ನೋಡಿದರೆ ಮನೆಯವರೆಲ್ಲ ಸತ್ತಿದ್ದರು. ಈ ದೃಶ್ಯಕ್ಕೆ ಗ್ರಾಫಿಕ್ಸ್ ಬೇಕಿಲ್ಲ, ನಿಶ್ಶಬ್ದ ಸಾಕು. ನಿಶ್ಶಬ್ದವನ್ನು ದುಡ್ಡಿಲ್ಲದವರೂ ಚಿತ್ರಿಸಬಹುದು.

ಪರಿಹಾರವೂ ಅಷ್ಟೇ ಸದ್ದಿಲ್ಲದ್ದು. ಸರೋವರದ ತಳದವರೆಗೆ ಇನ್ನೂರು ಮೀಟರ್ ಉದ್ದದ ಒಂದು ಪೈಪು ಇಳಿಬಿಟ್ಟರು. ಆರಂಭದಲ್ಲಿ ಒಮ್ಮೆ ಪಂಪು ಮಾಡಿದರೆ ಸಾಕು, ಆಮೇಲೆ ಕೆಳಗಿನ ನೀರು ತನ್ನಲ್ಲಿರುವ ಅನಿಲದ ಬಲದಿಂದಲೇ ಚಿಮ್ಮುತ್ತದೆ, ಸೋಡಾ ಬಾಟಲಿಯ ಹಾಗೆ. ಈ ಪೈಪು ಬಂದದ್ದು 2001ರಲ್ಲಿ, ದುರಂತವಾಗಿ ಹದಿನೈದು ವರ್ಷಕ್ಕೆ. ಅದೊಂದೇ ಸಾಲದೆಂದು ಇನ್ನೆರಡು ಪೈಪು ಹಾಕಲು ಮತ್ತೆ ಹತ್ತು ವರ್ಷ ಹಿಡಿಯಿತು. ಹದಿನೈದು ವರ್ಷ ಕಾಯುವ ನಾಯಕನನ್ನು ಯಾವ ವಾಹಿನಿ ಒಪ್ಪುತ್ತದೆ ಹೇಳಿ.

ಇನ್ನು ಒಳ್ಳೆಯ ಉದ್ದೇಶದ ಪ್ರಶ್ನೆ. ಇಂಥ ಚಿತ್ರಗಳಿಂದ ಜನ ಎಚ್ಚರವಾಗುತ್ತಾರೆ ಎಂದು ನಾವು ಎಲ್ಲೂ ಬರೆದಿಲ್ಲ, ಬರೆಯುವುದೂ ಇಲ್ಲ. ಹವಾಮಾನ ಒಮ್ಮೆಗೇ ಕೆಟ್ಟು ಜಗತ್ತು ಹೆಪ್ಪುಗಟ್ಟುವ ಕಥೆಯ 2004ರ ಹಾಲಿವುಡ್ ಚಿತ್ರ 'ದ ಡೇ ಆಫ್ಟರ್ ಟುಮಾರೋ' ಅಗ್ಗದ್ದಲ್ಲ, ಟೀವಿಯದ್ದೂ ಅಲ್ಲ, ಆದರೆ ಅದರ ನೋಡುಗರನ್ನು ಸಂಶೋಧಕರು ಕೂಲಂಕಷವಾಗಿ ಮಾತನಾಡಿಸಿದರು. ಅಮೆರಿಕದ ಅಧ್ಯಯನದಲ್ಲಿ ನೋಡಿದವರಿಗೆ ನೋಡದವರಿಗಿಂತ ಹವಾಮಾನದ ಚಿಂತೆ ಹೆಚ್ಚಿತ್ತು. ಬ್ರಿಟನ್ನಿನಲ್ಲಿ ನಡೆದ ಅಧ್ಯಯನದಲ್ಲಿ ಒಂದು ವಿಚಿತ್ರವೂ ಕಂಡಿತು: ನೋಡುಗರ ಆತಂಕ ಏರಿತ್ತು, ಆದರೆ ಅಂಥ ವಿಪರೀತಗಳು ನಿಜವಾಗಿ ನಡೆದಾವು ಎಂಬ ನಂಬಿಕೆ ಇಳಿದಿತ್ತು. ಹೆದರಿಸಿ ಹೆದರಿಸಿ, ಇದು ಸಿನಿಮಾದಲ್ಲಷ್ಟೇ ಆಗುವಂಥದ್ದು ಎಂದು ಮನಸ್ಸು ಬದಿಗೆ ಸರಿಸುವ ಹಾಗಾಯಿತೇ? ನನಗೆ ಹಾಗನ್ನಿಸುತ್ತದೆ. ನಿಮ್ಮ ವಾದಕ್ಕೆ ಇದು ಬಲ ಕೊಡುತ್ತದೆ, ಬೇಕಿದ್ದರೆ ಬಳಸಿಕೊಳ್ಳಿ.

ಗೇಲಿಗೂ ಒಂದು ಮಾರುಕಟ್ಟೆಯಿದೆ ಎಂಬುದನ್ನು ಮಾತ್ರ ಮರೆಯಬೇಡಿ. ಸುಂಟರಗಾಳಿ ಶಾರ್ಕ್ ಮೀನುಗಳನ್ನು ಹೊತ್ತು ತಂದು ನಗರದ ಮೇಲೆ ಸುರಿಯುವ 2013ರ ಸಿನಿಮಾ 'ಶಾರ್ಕ್‌ನೇಡೋ' ಅಮೆರಿಕದ ಟೀವಿಯಲ್ಲಿ ಮೊದಲ ಸಲ ಬಂದಾಗ ನೋಡಿದವರು ಸುಮಾರು 13.7 ಲಕ್ಷ. ಜನ ನಕ್ಕ ಸುದ್ದಿ ಹರಡಿ ಮೂರನೇ ಪ್ರಸಾರಕ್ಕೆ ಅದು 21 ಲಕ್ಷ ದಾಟಿತು. 2018ರ ಹೊತ್ತಿಗೆ ಐದು ಮುಂದುವರಿಕೆಗಳು ಬಂದವು. ಅದರಲ್ಲೂ ಸುಂಟರಗಾಳಿಗೆ ಮದ್ದು ಬಾಂಬೇ. ಅರಿಯದೆ ಕೆಟ್ಟದ್ದು ಮಾಡಿದವರನ್ನು ನೋಡಿ ನಗಬಹುದು, ನಗಿಸಲೆಂದೇ ಲೆಕ್ಕ ಹಾಕಿ ಕೆಡಿಸಿದ್ದರ ಮುಂದೆ ನನಗೆ ಆಕಳಿಕೆ ಬರುತ್ತದೆ.

ಹಾಗಾದರೆ ಆ ಇಬ್ಬರ ಮಾತನ್ನು ಮೇಲೆ ಹಾಕಿದ್ದೇಕೆ? ಇಬ್ಬರೂ ಒಬ್ಬರಿಗೊಬ್ಬರು ಗೊತ್ತಿಲ್ಲದೆ ಒಂದೇ ದೃಶ್ಯದ ಬಗ್ಗೆ ಬರೆದಿದ್ದರು, ಅದಕ್ಕೆ. ಐವತ್ತನೇ ನಿಮಿಷದ ಆಸುಪಾಸು ಬರುತ್ತದೆ. ಆಸ್ಪತ್ರೆಯಲ್ಲಿ ಕರೆಂಟು ಹೋಗುತ್ತದೆ. ನರ್ಸ್ ಒಬ್ಬಳು ರೋಗಿಯ ಬಾಯಿಗೆ ಹಿಡಿದ ರಬ್ಬರ್ ಚೀಲವನ್ನು ಕೈಯಲ್ಲೇ ಒತ್ತುತ್ತ ಉಸಿರು ಕೊಡುತ್ತಿದ್ದಾಳೆ. ಒತ್ತಿ ಒತ್ತಿ ಕೈ ಸೋತು ಇನ್ನೊಂದು ಕೈಗೆ ಬದಲಾಯಿಸುತ್ತಾಳೆ. ಪಕ್ಕದ ಹಾಸಿಗೆಯ ಕಡೆ ಒಮ್ಮೆ ನೋಡುತ್ತಾಳೆ, ಅಲ್ಲೂ ಒಬ್ಬ ರೋಗಿಯಿದ್ದಾನೆ. ಮಾತಿಲ್ಲ. ನಲವತ್ತು ಸೆಕೆಂಡೂ ಇಲ್ಲ, ಕೂಡಲೇ ಜಾಹೀರಾತು. ಆ ದೃಶ್ಯಕ್ಕೆ ಖರ್ಚಾಗಿದ್ದು ಒಂದು ಹಾಸಿಗೆ, ಒಂದು ಟಾರ್ಚು. ಬಿಬಿಸಿ 1984ರಲ್ಲಿ ಪ್ರಸಾರ ಮಾಡಿದ 'ಥ್ರೆಡ್ಸ್' ಅಣುಯುದ್ಧದ ಆಮೇಲಿನ ಚಳಿಗತ್ತಲನ್ನು, ಬೆಳೆ ಸೊರಗುವುದನ್ನು ಇಂಥದೇ ಕಡಿಮೆ ಸಾಮಗ್ರಿಯಲ್ಲಿ, ಕಪ್ಪು ತೆರೆಯ ಮೇಲೆ ಟೈಪಾಗುವ ಸಾಲುಗಳಲ್ಲಿ ತೋರಿಸಿತು. ಕೊನೆಗೆ ಯಾರೂ ಏನನ್ನೂ ಸರಿಮಾಡುವುದಿಲ್ಲ. ನಾವು ಚರ್ಚಿಸುತ್ತಿರುವ ಸಿನಿಮಾದವರಿಗೆ ಅಂಥ ಧೈರ್ಯ ನಲವತ್ತು ಸೆಕೆಂಡ್ ಮಾತ್ರ ಇತ್ತು. ಇದ್ದದ್ದನ್ನು ಗುರುತಿಸಿದ ಇಬ್ಬರಿಗೆ ಮೇಲಿನ ಜಾಗ ಕೊಟ್ಟೆವು. ಗೇಲಿ ಬರೆದವರಲ್ಲಿ ಒಬ್ಬರೂ ಆ ದೃಶ್ಯವನ್ನು ನೋಡಿದ ಕುರುಹಿಲ್ಲ. ಬಹುಶಃ ಆಗ ಹೆಲಿಕಾಪ್ಟರ್ ಎಣಿಸುತ್ತಿದ್ದರು. ನಾನೂ ಮೊದಲ ಸಲ ಎಣಿಸುತ್ತಲೇ ಇದ್ದೆ. ಅವರಿಬ್ಬರ ಪತ್ರ ಬಂದ ಮೇಲೆ ಹಿಂದಕ್ಕೆ ಹೋಗಿ ನೋಡಿದೆ.

ನಿಮ್ಮ ಪತ್ರವನ್ನು ಕತ್ತರಿ ಹಾಕದೆ ಪ್ರಕಟಿಸಬೇಕೆಂದು ಕೇಳಿದ್ದಿರಿ. ಈ ಸಂಚಿಕೆಯ ಓದುಗರ ಪುಟದಲ್ಲಿ ಪೂರ್ತಿ ಇದೆ, ಒಂದು ಸಾಲು ಬಿಟ್ಟು. ಬಿಟ್ಟದ್ದು ನರ್ಸಿನ ಪಾತ್ರ ಮಾಡಿದಾಕೆಯ ಮೈಕಟ್ಟಿನ ಬಗ್ಗೆ ನೀವು ಬರೆದ ಸಾಲು. ಬೆಂಕಿಯ ಗ್ರಾಫಿಕ್ಸ್ ಮಾಡಿದ್ದು ಆಕೆಯಲ್ಲ, ಬಾಂಬಿಟ್ಟದ್ದೂ ಆಕೆಯಲ್ಲ.

ಇಂತು,
ಸಂಪಾದಕ